ಗಾಜಕ್ಕ ಒರೆಸಿದ ಗೀಟು

ರೋಗಪರೀಕ್ಷೆಯ ಆ ಕಟ್ಟಡದಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ಅವಳು ಗಾಜಕ್ಕ. ಗಾಜಿನ ತಟ್ಟೆ, ಗಾಜಿನ ಕೊಳವೆ ತೊಳೆಯುವವಳಾದ್ದರಿಂದ ಆ ಹೆಸರು ಬಂತೆಂದು ಹೊಸಬರು ತಿಳಿಯುತ್ತಿದ್ದರು. ಹಳಬರಿಗೆ ಬೇರೆ ಕಾರಣ ಗೊತ್ತಿತ್ತು. ಕೆಲಸಕ್ಕೆ ಸೇರಿದ ಎರಡನೇ ವಾರ ಉಗ್ರಾಣದ ಗುಮಾಸ್ತ ಕಪಾಟುಗಳ ಸಂದಿಯಲ್ಲಿ ಅವಳ ಸೊಂಟಕ್ಕೆ ಕೈ ಹಾಕಿದ್ದ. ಅವಳು ಕೂಗಲಿಲ್ಲ. ಕೈಯಲ್ಲಿದ್ದ ಸೀಸೆಯನ್ನು ಅವನ ಹಣೆಯ ಮೇಲೆ ಒಡೆದಳು. ಚೂರುಗಳನ್ನು ತಾನೇ ಗುಡಿಸಿ ಮೇಲಿನವರ ಬಳಿಗೆ ಹೋಗಿ, "ಒಂದು ಸೀಸೆ ಕಡಿಮೆ ಬರುತ್ತೆ. ಯಾಕೆ ಅಂತ ಗುಮಾಸ್ತರನ್ನೇ ಕೇಳಿ" ಅಂದಳು. ಗುಮಾಸ್ತನ ಹಣೆಗೆ ಏಳು ಹೊಲಿಗೆ ಬಿತ್ತು. ಆಮೇಲೆ ಯಾರೂ ಅವಳನ್ನು ಅಕ್ಕ ಎನ್ನದೆ ಮಾತಾಡಿಸಲಿಲ್ಲ.

ಮನೆಯಲ್ಲೂ ಅವಳ ಬಾಳು ಮೆತ್ತಗಿನದಾಗಿರಲಿಲ್ಲ. ಗಂಡ ಬಂದರಿನಲ್ಲಿ ಮೂಟೆ ಹೊರುವವನು. ಕುಡಿದು ಬಂದು ಹೊಡೆಯುತ್ತಿದ್ದ. ಇವಳೂ ಸೌದೆ ಎತ್ತಿಕೊಳ್ಳುತ್ತಿದ್ದಳು. ಆ ಆರು ವರ್ಷದ ಸಂಸಾರದಲ್ಲಿ ಒಡೆಯದೆ ಉಳಿದದ್ದು ಬಾಗಿಲ ಚಿಲಕ ಒಂದೇ ಎಂದು ಪಕ್ಕದ ಮನೆಯವರು ನಗುತ್ತಿದ್ದರು. ಕೊನೆಗೆ ಹೆಂಡದಂಗಡಿಯ ಜಗಳದಲ್ಲಿ ಯಾರೋ ಅವನ ಪಕ್ಕೆಗೆ ಚಾಕು ಹಾಕಿದರು. ಹೊತ್ತು ತಂದು ಹಜಾರದಲ್ಲಿ ಮಲಗಿಸಿದಾಗ ಇನ್ನೂ ಬಿಸಿಯಾಗಿದ್ದ. ಅವಳು ಅತ್ತಳು, ನೆಲ ತೊಳೆದಳು, ನಾಲ್ಕನೇ ದಿನ ಕೆಲಸಕ್ಕೆ ಬಂದಳು.

ಮಕ್ಕಳಿರಲಿಲ್ಲ. ಇದ್ದವಳು ತಂಗಿ ಒಬ್ಬಳು. ಅವ್ವ ಸತ್ತಾಗ ತಂಗಿಗೆ ಹನ್ನೊಂದು ವರ್ಷ. ತಲೆ ಬಾಚಿ, ಹೇನು ಹೆಕ್ಕಿ, ಹಸಿವಾದಾಗ ತನ್ನ ತಟ್ಟೆಯಿಂದ ಎತ್ತಿಕೊಟ್ಟು ಸಾಕಿದವಳು ಗಾಜಕ್ಕ. ಅಕ್ಕ ಎಷ್ಟು ಬಿರುಸೋ ತಂಗಿ ಅಷ್ಟು ಸಾಧು. ಇರುವೆ ಸಾಲು ಕಂಡರೆ ಕಾಲೆತ್ತಿ ದಾಟುವವಳು. ನೂಲಿನ ಗಿರಣಿಯ ಕ್ಯಾಂಟೀನಿನಲ್ಲಿ ಅವಳಿಗೆ ಅಡಿಗೆ ಕೆಲಸ ಕೊಡಿಸಿದ್ದೂ ಗಾಜಕ್ಕನೇ. ನಾಲ್ಕು ವರ್ಷದ ಹಿಂದೆ ತಂಗಿಗೆ ಟೈಫಾಯ್ಡ್ ಬಂದು ಇಪ್ಪತ್ತು ದಿನ ಮೈ ಕಾದ ಹೆಂಚಿನಂತಾಗಿದ್ದಾಗ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದವಳೂ ಅವಳೇ. ಜ್ವರ ಬಿಟ್ಟಿತು, ತಂಗಿ ಮತ್ತೆ ಕೆಲಸಕ್ಕೆ ಹೋದಳು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದರು.

ಗಾಜಕ್ಕನ ಕೆಲಸವೆಂದರೆ ಬರೀ ತೊಳೆಯುವುದಲ್ಲ. ಬ್ಯಾಕ್ಟೀರಿಯಾ ಬೆಳೆಯುವ ಅಂಟನ್ನು ಕುದಿಸಿ, ಅಂಗೈ ಅಗಲದ ಗಾಜಿನ ತಟ್ಟೆಗಳಿಗೆ ಹೊಯ್ಯುವುದು ಅವಳೇ. ಹೆಪ್ಪುಗಟ್ಟಿದ ಮೇಲೆ ತಟ್ಟೆಯ ತಳಕ್ಕೆ ಮೇಣದ ಪೆನ್ಸಿಲಿನಿಂದ ಒಂಬತ್ತು ಮನೆ ಎಳೆದು, ಒಂದನೇ ಮನೆಯ ಮೂಲೆಗೆ ಒಂದು ಕೆಂಪು ಗೀಟು ಹಾಕಬೇಕು. ತಟ್ಟೆಯ ತುಂಬ ರೋಗಿಯ ಬ್ಯಾಕ್ಟೀರಿಯಾ ಹರಡಿ, ಪರೀಕ್ಷೆ ನಡೆಸುವ ಡಾಕ್ಟರಮ್ಮ ಆ ಗೀಟಿನಿಂದ ಶುರುಮಾಡಿ ಮನೆಗೊಂದರಂತೆ ಒಂಬತ್ತು ಸೀಸೆಗಳಿಂದ ಒಂಬತ್ತು ಹನಿ ಬಿಡುತ್ತಿದ್ದರು. ನೋಡಲು ಬರೀ ನೀರು. "ಇದರಲ್ಲಿ ಏನಿದೆ ಡಾಕ್ಟರಮ್ಮಾ?" ಎಂದು ಗಾಜಕ್ಕ ಒಮ್ಮೆ ಕೇಳಿದ್ದಳು.

"ಕೊಲೆಗಾರರು," ಅಂದರು ಡಾಕ್ಟರಮ್ಮ. "ಬ್ಯಾಕ್ಟೀರಿಯಾನ ಕೊಲ್ಲೋ ವೈರಸ್ಸು. ಮೈಮೇಲೆ ಕೂತು, ಚುಚ್ಚಿ, ಒಳಗೆ ಹೊಕ್ಕು, ಒಳಗೇ ಒಂದು ನೂರಾಗಿ, ಹೊಟ್ಟೆ ಒಡ್ಕೊಂಡು ಆಚೆ ಬರುತ್ತೆ. ಆ ನೂರೂ ಪಕ್ಕದವರ ಮೇಲೆ ಬೀಳುತ್ತೆ."

"ಅಯ್ಯಪ್ಪಾ! ನಮ್ಮ ಮೂಟೆಯವರ ಓಣಿ ಇದ್ದ ಹಾಗಿದೆ."

ಡಾಕ್ಟರಮ್ಮ ನಕ್ಕರು. "ಆದ್ರೆ ಇವು ನಿಮ್ಮ ಓಣಿಯವರಿಗಿಂತ ವಾಸಿ. ಸಿಕ್ಕಸಿಕ್ಕವರನ್ನ ಹೊಡೆಯಲ್ಲ. ಒಂದೊಂದೂ ತನಗೆ ಬೇಕಾದ ತಳಿಯನ್ನ ಮಾತ್ರ ಹೊಡೆಯುತ್ತೆ. ಎಲ್ಲ ಟೈಫಾಯ್ಡ್ ಹುಳುನೂ ಕಣ್ಣಿಗೆ ಒಂದೇ ಥರ ಕಾಣುತ್ತೆ. ಯಾವ್ಯಾವ ಹನಿಗೆ ಸತ್ತಿದೆ ಅಂತ ನೋಡಿದ್ರೆ ಯಾವ ತಳಿ ಅಂತ ಗೊತ್ತಾಗುತ್ತೆ. ಇಬ್ಬರ ಹುಳು ಅದೇ ಅದೇ ಮನೇಲಿ ಸತ್ರೆ, ಒಬ್ಬರದು ಇನ್ನೊಬ್ಬರಿಗೆ ಹೋಗಿರಬಹುದು. ಬೇರೆ ಬೇರೆ ಮನೇಲಿ ಸತ್ರೆ, ಸಂಬಂಧ ಇಲ್ಲ."

ಮರುದಿನ ಬೆಳಗ್ಗೆ ಬೆಚ್ಚನೆಯ ಪೆಟ್ಟಿಗೆಯಿಂದ ತಟ್ಟೆ ತೆಗೆದರೆ ಎಲ್ಲೆಲ್ಲೂ ಮಸುಕು ಹಾಲಿನ ಕೆನೆಯಂತೆ ಬ್ಯಾಕ್ಟೀರಿಯಾ. ಕೊಲೆ ನಡೆದ ಮನೆಗಳಲ್ಲಿ ಮಾತ್ರ ದುಂಡನೆಯ ತಿಳಿ ತೂತು. ಡಾಕ್ಟರಮ್ಮ ತಟ್ಟೆಯನ್ನು ಮಗುಚಿ ಹಿಡಿದು, ಕೆಂಪು ಗೀಟನ್ನು ಮೇಲಿನ ಬಲಮೂಲೆಗೆ ತಂದುಕೊಂಡು, ತೂತಾದ ಮನೆಗಳ ಅಂಕಿ ಕೂಗುತ್ತಿದ್ದರು. ಸಹಾಯಕ ಬರೆದುಕೊಳ್ಳುತ್ತಿದ್ದ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಗಾಜಕ್ಕನಿಗೆ ಆ ಅಂಕಿಗಳ ಅರ್ಥ ಬೇಕಿರಲಿಲ್ಲ. ಅವಳ ಕಣ್ಣು ಆಕಾರ ಹಿಡಿಯುತ್ತಿತ್ತು. ಇದು ಏಣಿ, ಇದು ಮುರಿದ ಹಲ್ಲು, ಇದು ಕೊಕ್ಕೆ ಎಂದು ಮನಸ್ಸಿನಲ್ಲೇ ಹೆಸರಿಡುತ್ತಿದ್ದಳು.

ಆ ವರ್ಷ ಸೆಖೆ ಏರುವ ಹೊತ್ತಿಗೆ ಗಿರಣಿಯಲ್ಲಿ ಜ್ವರ ಎದ್ದಿತು. ಹದಿನೆಂಟು ದಿನದಲ್ಲಿ ಇಪ್ಪತ್ತಾರು ಜನ ಮಲಗಿದರು. ಕರುಳು ತೂತಾಗಿ ಇಬ್ಬರು ಸತ್ತರು. ಅವರಲ್ಲಿ ಒಬ್ಬಳು ಯಂತ್ರ ರಿಪೇರಿಯ ಮೇಸ್ತ್ರಿಯ ಮಗಳು, ಮದುವೆ ಗೊತ್ತಾಗಿದ್ದವಳು. ಗಿರಣಿಯ ಜನ ಎರಡು ಕಡೆ ಬೆರಳು ತೋರಿಸಿದರು. ಒಂದು ಕ್ಯಾಂಟೀನು, ಇನ್ನೊಂದು ಕುಡಿಯುವ ನೀರಿನ ಟ್ಯಾಂಕು. ಟ್ಯಾಂಕು ತೊಳೆಯುವವನು ಒಂಟಿ ಮನುಷ್ಯ, ಯಾರೊಡನೆಯೂ ಸೇರದವನು. ಕ್ಯಾಂಟೀನಿನಲ್ಲಿ ಹಸಿ ತರಕಾರಿ ಹೆಚ್ಚುತ್ತಿದ್ದವಳು ಗಾಜಕ್ಕನ ತಂಗಿ.

ಎಲ್ಲರ ಮಲ ಪರೀಕ್ಷೆಗೆ ಬಂತು. ತಂಗಿಯದರಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ಸಿಕ್ಕಿತು. ಟ್ಯಾಂಕಿನವನು ಹೆದರಿ ಕೊಡದೆ ಓಡಿಹೋಗಿದ್ದ.

"ಜ್ವರ ಬಿಟ್ಟು ನಾಲ್ಕು ವರ್ಷ ಆಯ್ತಲ್ಲ ಡಾಕ್ಟರಮ್ಮಾ?" ಅಂದಳು ಗಾಜಕ್ಕ.

"ಜ್ವರ ಬಿಟ್ಟಿದೆ, ಹುಳು ಬಿಟ್ಟಿಲ್ಲ. ಪಿತ್ತಕೋಶದಲ್ಲಿ ಮನೆ ಮಾಡ್ಕೊಂಡು ಕೂತಿದೆ. ಇಂಥವರು ಊರಲ್ಲಿ ನೂರು ಜನ ಇರ್ತಾರೆ, ಅವರಿಗೇ ಗೊತ್ತಿರಲ್ಲ. ಇದ್ದ ಮಾತ್ರಕ್ಕೆ ಅವಳೇ ಹಬ್ಬಿಸಿದ್ದು ಅಂತಲ್ಲ. ಇವತ್ತು ಹನಿ ಬಿಟ್ಟಿದ್ದೀನಿ. ನಾಳೆ ತಳಿ ನೋಡೋಣ."

ಆದರೆ ಆಫೀಸಿನ ಜವಾನನ ಬಾಯಿ ನಾಳೆಯವರೆಗೆ ಕಾಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಿರಣಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ಗಾಜಕ್ಕ ಹಬೆಯಲ್ಲಿ ತಟ್ಟೆ ಬೇಯಿಸುವ ಆಟೋಕ್ಲೇವಿನ ಮುಚ್ಚಳ ಬಿಗಿಯುತ್ತಿದ್ದಾಗ, ತಂಗಿಗೆ ಹೊಡೆಯುತ್ತಿದ್ದಾರೆಂದು ಸುದ್ದಿ ಬಂತು. ಮುಚ್ಚಳ ಬಿಗಿಯುವ ಕಬ್ಬಿಣದ ಹಿಡಿಕೆಯನ್ನು ಹಿಡಿದೇ ಓಡಿದಳು.

ಕ್ಯಾಂಟೀನಿನ ಹಿಂದಿನ ಅಂಗಳದಲ್ಲಿ ಪಾತ್ರೆಗಳೆಲ್ಲ ಮಗುಚಿ ಬಿದ್ದಿದ್ದವು. ತಂಗಿ ನೆಲದ ಮೇಲೆ ಮುದುಡಿದ್ದಳು. ಒಬ್ಬ ಅವಳ ಕೂದಲು ಹಿಡಿದಿದ್ದ, ಇಬ್ಬರು ಬೂಟುಗಾಲಿನಿಂದ ಒದೆಯುತ್ತಿದ್ದರು. ನೂಲು ಸುತ್ತುವ ಹೆಂಗಸೊಬ್ಬಳು ಸೌಟಿನಿಂದ ಬಾಯಿಯ ಮೇಲೆ ಹೊಡೆಯುತ್ತಾ, "ತಿನ್ನು! ನೀನು ಹೆಚ್ಚಿದ್ದು ನೀನೇ ತಿನ್ನು!" ಎಂದು ಕಿರುಚುತ್ತಿದ್ದಳು. ಗಾಜಕ್ಕ ಕೂದಲು ಹಿಡಿದವನ ಮೊಣಕೈಗೆ ಹಿಡಿಕೆ ಬೀಸಿದಳು. ಮೂಳೆ ಮುರಿದ ಸದ್ದು ಅವನ ಕೂಗಿಗಿಂತ ಮೊದಲು ಕೇಳಿಸಿತು. ಇನ್ನೊಬ್ಬನ ಮೊಣಕಾಲಿಗೆ. ಸೌಟಿನವಳು ತಾನೇ ಹಿಂದೆ ಸರಿದಳು. ತಂಗಿಯನ್ನು ಹೆಗಲಿಗೆ ಹಾಕಿಕೊಂಡು ಹೊರಬರುವಾಗ ಹಿಂದಿನಿಂದ ಕಲ್ಲುಗಳು ಬಂದು ಬೆನ್ನಿಗೆ ಬಡಿದವು. ತಂಗಿಯ ಮುಂದಿನ ಎರಡು ಹಲ್ಲು ಹೋಗಿದ್ದವು. ತುಟಿ ಹರಿದು ಮಾತು ತೊದಲುತ್ತಿತ್ತು. "ಅಕ್ಕಾ, ನಾನು ಕೈ ತೊಳ್ಕೋತಿದ್ದೆ ಅಕ್ಕಾ. ಸೋಪು ಹಾಕಿ ತೊಳ್ಕೋತಿದ್ದೆ," ಅಂತ ದಾರಿಯುದ್ದಕ್ಕೂ ಅದನ್ನೇ ಹೇಳಿದಳು.

ಮರುದಿನ ಬೆಳಗ್ಗೆ ಗಾಜಕ್ಕ ಎಂದಿನಂತೆ ಬಂದು ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆಗೆದಳು. ಇಪ್ಪತ್ತೇಳು ತಟ್ಟೆ. ಒಳಗಿನ ತೇವಕ್ಕೆ ತಳವೆಲ್ಲ ಬೆವರಿರುತ್ತದೆ. ಓದುವ ಮೊದಲು ಒರೆಸಿ ಕೊಡುವುದು ಅವಳ ಪದ್ಧತಿ. ಗೀಟು ಅಳಿಯದ ಹಾಗೆ ಸುತ್ತ ಒರೆಸುವುದು ಕೈಗೆ ಬಂದ ವಿದ್ಯೆ. ಅಂದು ಗಮನ ಅಲ್ಲಿರಲಿಲ್ಲ. ಕಣ್ಣ ಮುಂದೆ ತಂಗಿಯ ಹರಿದ ತುಟಿ. ಒಂದು ತಟ್ಟೆಯ ಕೆಂಪು ಗೀಟು ಬಟ್ಟೆಗೆ ಬಂದುಬಿಟ್ಟಿತು. ಗಾಬರಿಯಾಗಿ ಪೆನ್ಸಿಲು ತೆಗೆದು, ಇಲ್ಲೇ ಇತ್ತು ಎಂದುಕೊಂಡ ಮೂಲೆಗೆ ಮತ್ತೆ ಎಳೆದಳು. ಎಷ್ಟನೇ ತಟ್ಟೆ ಎಂದು ನೋಡಲಿಲ್ಲ. ಯಾರಿಗೂ ಹೇಳಲಿಲ್ಲ.

ಡಾಕ್ಟರಮ್ಮ ಓದಿದರು. ರೋಗಿಗಳ ಇಪ್ಪತ್ತಾರು ತಟ್ಟೆಗೂ ಒಂದೇ ಕೂಗು: ಒಂದು, ಎರಡು, ಐದು. ಕೊನೆಯ ತಟ್ಟೆ ಎತ್ತಿ, ತಿರುಗಿಸಿ, ಗೀಟು ನೋಡಿ, "ನಾಲ್ಕು, ಐದು, ಏಳು," ಅಂದರು. ಆಮೇಲೆ ಕನ್ನಡಕ ತೆಗೆದು ಗಾಜಕ್ಕನ ಕಡೆ ನೋಡಿದರು. "ಈ ಇಪ್ಪತ್ತೇಳನೇದು ನಿನ್ನ ತಂಗಿದು. ಬೇರೆ ತಳಿ. ಅವಳಿಂದ ಬಂದಿದ್ದಲ್ಲ."

ಗಾಜಕ್ಕ ನಿಂತಲ್ಲೇ ಕೂತು ಬಿಕ್ಕಿದಳು. ಆಮೇಲೆ ಎದ್ದು ಜವಾನನನ್ನು ಹುಡುಕಿ ಕೆನ್ನೆಗೆ ಎರಡು ಬಿಟ್ಟು, "ಹೋಗು, ಇದನ್ನೂ ಹೋಗಿ ಹೇಳು," ಅಂದಳು. ಅವನು ಹೇಳಿದ.

ಅಡಿಗೆಯವಳಲ್ಲ ಅಂದಮೇಲೆ ಇನ್ಯಾರು? ಗಿರಣಿಯವರು ಟ್ಯಾಂಕಿನವನನ್ನು ಹುಡುಕಲು ಹೊರಟರು. ಮೂರನೇ ದಿನ ರೈಲು ಹಳಿಯ ಪಕ್ಕದ ಗುಡಿಸಲಿನಲ್ಲಿ ಸಿಕ್ಕಿದ. ಎಳೆತಂದು ಗಿರಣಿಯ ಕಬ್ಬಿಣದ ಗೇಟಿಗೆ ಕಟ್ಟಿದ್ದಾರಂತೆ, ಯಂತ್ರದ ಬೆಲ್ಟಿನಿಂದ ಬಾರಿಸುತ್ತಿದ್ದಾರಂತೆ ಎಂದು ಜವಾನನೇ ಓಡಿಬಂದು ಹೇಳಿದ. ಗಾಜಕ್ಕನಿಗೆ ಕೇಳಿ ಹಾಯೆನಿಸಿತು. ಬೀಳಲಿ ನಾಲ್ಕು, ನನ್ನ ತಂಗಿಗೆ ಬಿದ್ದದ್ದು ಯಾರಿಂದಾಗಿ ಮತ್ತೆ, ಎಂದುಕೊಂಡು ತಣ್ಣನೆಯ ಕಪಾಟಿನಿಂದ ಹಳೆಯ ತಟ್ಟೆಗಳನ್ನು ತೆಗೆದು ರೂಢಿಯಂತೆ ಗೀಟು ಬಲಮೂಲೆಗೆ ಬರುವ ಹಾಗೆ ಆಟೋಕ್ಲೇವಿನ ಬುಟ್ಟಿಗೆ ಮಗುಚಿ ಜೋಡಿಸತೊಡಗಿದಳು. ಒಂದು ಗಂಟೆ ಹಬೆಯಲ್ಲಿ ಬೆಂದರೆ ಅಂಟು ಕರಗಿ, ಹುಳು, ಕೊಲೆಗಾರ, ತೂತು ಎಲ್ಲ ಒಂದಾಗಿ ನೀರಾಗುತ್ತಿತ್ತು.

ಕೊಕ್ಕೆ. ಕೊಕ್ಕೆ. ಕೊಕ್ಕೆ. ಇಪ್ಪತ್ತಾರು ತಟ್ಟೆಯಲ್ಲೂ ಮೂರು ತೂತು ಸೇರಿ ಒಂದು ಮೊಂಡು ಕೊಕ್ಕೆ. ಇಪ್ಪತ್ತೇಳನೆಯದನ್ನು ಇಡುವಾಗ ಅವಳ ಕೈ ನಿಂತಿತು. ಅದರಲ್ಲೂ ಮೂರು ತೂತು. ಅದೂ ಕೊಕ್ಕೆಯೇ, ಆದರೆ ಮಗ್ಗುಲಾಗಿ ಬಿದ್ದಿತ್ತು. ತಟ್ಟೆಯನ್ನು ಕಾಲು ಸುತ್ತು ತಿರುಗಿಸಿದಳು. ಎದ್ದು ನಿಂತಿತು. ಪಕ್ಕದ ತಟ್ಟೆಯ ಪಡಿಯಚ್ಚು. ಈಗ ಕೆಂಪು ಗೀಟು ಮಾತ್ರ ಎಡಮೂಲೆಯಲ್ಲಿ ಕೂತಿತ್ತು. ಬಲಮೂಲೆಯನ್ನು ಬೆಳಕಿಗೆ ಹಿಡಿದಳು. ಗಾಜಿಗೆ ಅಂಟಿದ ಮೇಣದ ನವಿರು ಕೆಂಪು, ಒರೆಸಿದ ಗುರುತು ಸಮೇತ.

ತನ್ನ ಕೈ. ತನ್ನ ಬಟ್ಟೆ. ತನ್ನ ಪೆನ್ಸಿಲು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಆಟೋಕ್ಲೇವು ಬಾಯಿ ತೆರೆದುಕೊಂಡು ಬಿಸಿಯುಸಿರು ಬಿಡುತ್ತಿತ್ತು. ತಟ್ಟೆ ಒಳಗೆ ಹಾಕಿ, ಮುಚ್ಚಳ ಎಳೆದು ಹಿಡಿಕೆ ತಿರುವಿದರೆ ಮುಗಿಯಿತು. ಲೋಕದಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ. ತಂಗಿ ಗಾಜಕ್ಕನ ಮನೆಯ ಚಾಪೆಯ ಮೇಲೆ ಗಂಜಿ ಕುಡಿಯಲಾರದೆ ಮಲಗಿದ್ದಾಳೆ. ಇದು ಹೊರಗೆ ಬಿದ್ದರೆ ಆ ಜನ ಈ ಸಲ ಹಲ್ಲಿಗೆ ನಿಲ್ಲಿಸುವುದಿಲ್ಲ. ಅತ್ತ ಗೇಟಿನಲ್ಲಿ ಒಬ್ಬ ಮನುಷ್ಯ. ಅವನ ಮುಖವನ್ನೂ ಅವಳು ನೋಡಿರಲಿಲ್ಲ. ಮುಚ್ಚಳದ ಮೇಲೆ ಕೈಯಿಟ್ಟು ಎಷ್ಟು ಹೊತ್ತು ನಿಂತಳೋ, ಕಬ್ಬಿಣ ಕಾದು ಅಂಗೈ ಚುರುಗುಟ್ಟಿದ ಮೇಲೆ ಎಚ್ಚರವಾಯಿತು. ತಟ್ಟೆ ಎತ್ತಿಕೊಂಡು ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು.

"ಗೀಟು ನಾನು ಅಳಿಸಿದ್ದು. ತಪ್ಪು ಮೂಲೆಗೆ ಹಾಕಿದೀನಿ. ನೋಡಿ."

ಡಾಕ್ಟರಮ್ಮ ನೋಡಿದರು. ತಿರುಗಿಸಿ ನೋಡಿದರು. ಬಣ್ಣ ಇಳಿದ ಮುಖದಲ್ಲಿ, "ನೀನು ಏನು ಹೇಳ್ತಿದ್ದೀಯ ಅಂತ ಗೊತ್ತಾ ನಿನಗೆ?" ಅಂದರು.

"ಗೊತ್ತು. ಅವನು ಸತ್ತುಹೋಗ್ತಾನೆ. ಮೊದಲು ನನ್ನ ತಂಗಿನ ಆಸ್ಪತ್ರೆಗೆ ಸಾಗಿಸಿ. ಆಮೇಲೆ ನನ್ನನ್ನ ಗೇಟಿಗೆ ಕರ್ಕೊಂಡು ಹೋಗಿ."

ಡಾಕ್ಟರಮ್ಮ ಆಸ್ಪತ್ರೆಗೆ ಫೋನು ಮಾಡಿ ಆಂಬುಲೆನ್ಸನ್ನು ಗಾಜಕ್ಕನ ಮನೆಗೆ ಅಟ್ಟಿದರು, ಪೊಲೀಸರಿಗೂ ತಿಳಿಸಿದರು. ಇವರಿಬ್ಬರೂ ಇಲಾಖೆಯ ವ್ಯಾನಿನಲ್ಲಿ ಹೊರಟರು.

ಗೇಟಿನ ಮುಂದೆ ಇನ್ನೂರು ಜನ. ನಡುವೆ ಟ್ಯಾಂಕಿನವನು ಕಟ್ಟಿದ ಕೈಗಳ ಮೇಲೆ ಜೋತು ಬಿದ್ದಿದ್ದ. ಬೆನ್ನಿನ ಅಂಗಿ ಚರ್ಮದ ಜೊತೆ ಬೆರೆತುಹೋಗಿತ್ತು. ಒಂದು ಕಣ್ಣಿನ ಜಾಗದಲ್ಲಿ ರಕ್ತದ ಗಡ್ಡೆ ಮಾತ್ರ ಕಾಣುತ್ತಿತ್ತು. ಬೆಲ್ಟು ಹಿಡಿದು ನಿಂತವನು ಮಗಳನ್ನು ಕಳೆದುಕೊಂಡ ಮೇಸ್ತ್ರಿ. ಡಾಕ್ಟರಮ್ಮ ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಗಾಜಕ್ಕ ಮೊಣಕೈಯಿಂದ ಜನರನ್ನು ಸೀಳಿಕೊಂಡು ಹೋಗಿ, ಬೆಲ್ಟಿಗೂ ಅವನಿಗೂ ನಡುವೆ ನಿಂತಳು. ಬೀಸಿದ ಏಟು ಅವಳ ಹೆಗಲಿಗೆ ಬಿತ್ತು.

"ಇವನಲ್ಲ! ಬಿಡಿ ಇವನನ್ನ! ನನ್ನ ತಂಗಿ ಮೈಲಿದ್ದದ್ದೇ ನಿಮಗೆ ಬಂದಿರೋದು. ತಟ್ಟೆ ತಪ್ಪಾಗಿದ್ದು ನನ್ನಿಂದ!"

ಗದ್ದಲ ಕುಸಿಯಿತು. ಮೇಸ್ತ್ರಿ ಏದುಸಿರು ಬಿಡುತ್ತಾ ಅವಳನ್ನು ದಿಟ್ಟಿಸಿದ. "ನೀನೇ ಅಲ್ವಾ ಅವತ್ತು ನಮ್ಮವನ ಕೈ ಮುರಿದವಳು?"

"ನಾನೇ."

"ನಿನ್ನ ತಂಗಿ ಎಲ್ಲಿ?"

"ಹೇಳಲ್ಲ."

"ಹೇಳು. ನಿನ್ನನ್ನ ಬಿಡ್ತೀನಿ."

"ಅವಳಿಗೆ ಗೊತ್ತಿರಲಿಲ್ಲಪ್ಪ. ನಿನ್ನ ಮಗಳನ್ನ ಕೊಲ್ಲಬೇಕು ಅಂತ ತರಕಾರಿ ಹೆಚ್ಚಲಿಲ್ಲ ಅವಳು. ನೋಡದೆ ಒರೆಸಿದವಳು ನಾನು. ಹೊಡೆಯೋದಾದ್ರೆ ನನ್ನ ಹೊಡಿ."

ಅವನು ಹೊಡೆದ. ಮೊದಲನೆಯದು ಮುಖಕ್ಕೆ, ಎರಡನೆಯದು ಕಿವಿಯ ಮೇಲೆ. ಒಳಗೆ ಏನೋ ಪಟ್ಟೆಂದು ಒಡೆಯಿತು. ಆಮೇಲೆ ಆ ಕಡೆಯ ಲೋಕ ಸದ್ದಿಲ್ಲದಾಯಿತು. ಅವಳು ಜೀವನದಲ್ಲಿ ಮೊದಲ ಸಲ ತಿರುಗಿ ಕೈ ಎತ್ತಲಿಲ್ಲ. ಎರಡೂ ಕೈ ಹಿಂದೆ ಚಾಚಿ ಗೇಟಿನ ಸರಳು ಹಿಡಿದು, ಟ್ಯಾಂಕಿನವನನ್ನು ಬೆನ್ನಿಗೆ ಮರೆ ಮಾಡಿಕೊಂಡು ನಿಂತಳು. ಎಷ್ಟನೆಯ ಏಟಿಗೋ ಮೇಸ್ತ್ರಿಯ ಕೈಯೇ ಸೋತಿತು. ಬೆಲ್ಟು ಜಾರಿಬಿತ್ತು. ಅವನು ಅಲ್ಲೇ ಮಣ್ಣಿನಲ್ಲಿ ಕೂತು ಮಗಳನ್ನು ಕರೆದು ಕರೆದು ಅಳತೊಡಗಿದ. ಅಷ್ಟರಲ್ಲಿ ಪೊಲೀಸರು ಬಂದರು.

ಟ್ಯಾಂಕಿನವನು ಒಂದು ಕಣ್ಣು ಕಳೆದುಕೊಂಡು ಬದುಕಿದ. ಅವನ ಮೈಯಲ್ಲಿ ಯಾವ ಹುಳುವೂ ಇರಲಿಲ್ಲ. ಡಾಕ್ಟರಮ್ಮ ತಂಗಿಯ ಪರೀಕ್ಷೆ ಮತ್ತೊಮ್ಮೆ ಮಾಡಿದರು: ಒಂದು, ಎರಡು, ಐದು. ಗಾಜಕ್ಕನನ್ನು ಮೂರು ತಿಂಗಳು ಕೆಲಸದಿಂದ ಹೊರಗಿಟ್ಟರು. ಮರಳಿ ಬಂದಮೇಲೆ ಒಂದು ಹೊಸ ಪದ್ಧತಿ ಬಂದಿತ್ತು. ಒಂದನೇ ಮನೆಯ ಗುರುತನ್ನು ಮೇಣದಿಂದ ಎಳೆಯದೆ, ವಜ್ರದ ಮೊನೆಯಿಂದ ಗಾಜಿಗೇ ಕೊರೆಯುವುದು. ಸಾವಿರಾರು ತಟ್ಟೆಗೆ ಅದನ್ನು ಅವಳೇ ಕೊರೆದಳು.

ತಂಗಿಗೆ ಎಲ್ಲ ಗೊತ್ತಾಯಿತು. ಆಸ್ಪತ್ರೆಯಲ್ಲಿ ಅಕ್ಕ ನೋಡಲು ಹೋದಾಗಲೆಲ್ಲ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಪಿತ್ತಕೋಶ ತೆಗೆದುಹಾಕಿದರು. ಹುಳು ಹೋಯಿತು. ಆದರೂ ಅವಳ ಕೈಯಡಿಗೆ ಉಣ್ಣುವವರು ಊರಲ್ಲಿ ಯಾರೂ ಉಳಿಯಲಿಲ್ಲ. ಚಿಂದಿ ಬಟ್ಟೆ ಆಯುವ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಬೇರೆ ಕೋಣೆ ಮಾಡಿಕೊಂಡಳು. ಒಂದು ವರ್ಷದ ಮೇಲೆ ಒಂದು ಭಾನುವಾರ ಅಕ್ಕನ ಬಾಗಿಲಿಗೆ ಬಂದು ನಿಂತಳು. ಗಾಜಕ್ಕ ಎದ್ದು ಬರುವಷ್ಟರಲ್ಲಿ, ಇರುವೆಯನ್ನೂ ನೋಯಿಸದ ಆ ತಂಗಿ ಅವಳ ಕೆನ್ನೆಗೆ ಬಲವಾಗಿ ಬಾರಿಸಿದಳು.

"ಕೈಲೇ ಇತ್ತಲ್ಲ ತಟ್ಟೆ. ಒಳಗೆ ಹಾಕಿ ಮುಚ್ಚಿದ್ರೆ ಆಗ್ತಿತ್ತು. ಯಾರು ನೋಡ್ತಿದ್ರು?"

"ಯಾರೂ ನೋಡ್ತಿರಲಿಲ್ಲ."

"ಅವನು ನಿನಗೇನಾಗಬೇಕಿತ್ತು? ನಾನು ನಿನ್ನ ಒಡಹುಟ್ಟಿದವಳು. ಅವನು ಯಾರು ನಿನಗೆ?"

"ಯಾರೂ ಅಲ್ಲ," ಅಂದಳು ಗಾಜಕ್ಕ. "ನೀನು ಬದುಕಬೇಕು ಅಂತ ಎಷ್ಟು ಆಸೆ ಇತ್ತೋ ನಂಗೇ ಗೊತ್ತು. ಆದ್ರೆ ಅವನ ಸಾವಿನ ಮೇಲೆ ನಿನ್ನ ಕೂರಿಸಿ ಅನ್ನ ಇಕ್ಕೋಕೆ ನನ್ನ ಕೈ ಬರಲಿಲ್ಲ."

ತಂಗಿ ಮತ್ತೆ ಕೈ ಎತ್ತಿದಳು. ಗಾಜಕ್ಕ ಮುಖ ತಿರುಗಿಸಲಿಲ್ಲ. ಎತ್ತಿದ ಕೈ ಹಾಗೇ ನಿಂತು, ಮೆಲ್ಲಗೆ ಇಳಿಯಿತು. ತಂಗಿ ಹೊಸಿಲು ದಾಟಲಿಲ್ಲ, ಹಿಂತಿರುಗಿ ಹೋಗಲೂ ಇಲ್ಲ. ಹೊಸಿಲ ಮೇಲೆಯೇ ಕೂತಳು. ಗಾಜಕ್ಕ ಒಳಗಿನಿಂದ ಒಂದು ತಟ್ಟೆ ಊಟ ತಂದು ಅವಳ ಪಕ್ಕದಲ್ಲಿಟ್ಟು, ಸ್ವಲ್ಪ ದೂರದಲ್ಲಿ ತಾನೂ ಕೂತಳು. ಬಹಳ ಹೊತ್ತಿನ ಮೇಲೆ ತಂಗಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಉಂಡಳು, ಮಾತಾಡಲಿಲ್ಲ, ಎದ್ದು ಹೋದಳು.

ಮುಂದಿನ ಭಾನುವಾರ ಬಂದಾಗಲೂ ಮಾತಾಡಲಿಲ್ಲ. ಆದರೆ ಬಂದಳು.